ಪಕ್ಕದ ಮನೆಯ ಶಾಖ

ಈ ವಯಸ್ಸಿನಲ್ಲಿ ನನ್ನ ಮೇಲೆ ಕಳ್ಳತನದ ಆರೋಪ ಬಂದಿದೆ. ಕದ್ದ ಮಾಲು ಶಾಖ.

ತಪ್ಪೆಲ್ಲ ಮೊಣಕಾಲುಗಳದ್ದು. ಮಾರ್ಗಶಿರದ ಚಳಿಗೆ ಅವೆರಡೂ ಸೇರಿ ಅಸಹಕಾರ ಹೂಡಿದ್ದರಿಂದ, ತಾಯಲೂರಿನ ಪಕ್ಕದ ನಮ್ಮ ಹಳ್ಳಿಯ ಮನೆಗೆ ಹೀಟ್ ಪಂಪ್ ತರಿಸಿದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ. ಒಂದೇ ಯಂತ್ರಕ್ಕೆ ಎರಡು ನಾಲಿಗೆ. ಕೋಲಾರದಿಂದ ಬಂದು ಅದನ್ನು ಕೂರಿಸಿದವನು, ಇದು ಶಾಖ ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನೇ ಎಳೆದು ಒಳಗೆ ತರುತ್ತದೆ ಎಂದ. ಕೇಳಿಸಿಕೊಂಡು ಸುಮ್ಮನಿರಬೇಕಿತ್ತು. ನನಗೆ ವಿದ್ಯೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ; ಹಾಲಿನ ಡೇರಿಯ ಮುಂದೆ ನಿಂತು ಊರಿಗೆಲ್ಲ ವಿವರಿಸಿದೆ.

ಎಳೆಯುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಬ್ಬ ಬೋರ್‌ವೆಲ್ ಆಳಕ್ಕಿಳಿಸಿದರೆ ಪಕ್ಕದವನದು ಒಂದೆರಡು ಸಲ ಕೆಮ್ಮಿ, ನೀರಿನ ಬದಲು ಗಾಳಿ ಉಗುಳುತ್ತದೆ. ನನ್ನ ಯಂತ್ರದ ಹೊರಗಿನ ಪೆಟ್ಟಿಗೆಯೂ ಗಾಳಿ ಉಗುಳುತ್ತಿತ್ತು, ಅದೂ ಮಂಜಿನಷ್ಟು ತಣ್ಣಗೆ. ಇನ್ನೆಂಥ ಸಾಕ್ಷಿ ಬೇಕು? ಬೀದಿಯಲ್ಲಿ ಒಬ್ಬರ ದೋಸೆಹಿಟ್ಟು ಹುದುಗಲಿಲ್ಲ, ಇನ್ನೊಬ್ಬರ ಕೋಳಿ ಮೊಟ್ಟೆಯಿಡಲಿಲ್ಲ. ಎರಡೂ ನನ್ನ ತಲೆಗೇ ಬಂದವು. ಯಾರದೋ ಮದುವೆ ಮಾತುಕತೆ ತಣ್ಣಗಾಗಿದ್ದೂ ನನ್ನಿಂದಲೇ.

ಇವನ್ನೆಲ್ಲ ನಕ್ಕು ತಳ್ಳಬಹುದಿತ್ತು. ಮುನಿರತ್ನಮ್ಮನನ್ನು ತಳ್ಳುವಂತಿರಲಿಲ್ಲ. ಪಕ್ಕದ ಮನೆಯವಳು, ರೇಷ್ಮೆಹುಳು ಸಾಕುತ್ತಾಳೆ. ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಪೊರೆ ಕಳಚಿ ಎದ್ದಿದ್ದವು. ಗೂಡು ಕಟ್ಟುವ ಮುಂಚೆ ರಾಕ್ಷಸರಂತೆ ಮೇಯಬೇಕಾದವು ಚಳಿಗೆ ಮರಗಟ್ಟಿ, ಸೊಪ್ಪು ಮುಟ್ಟದೆ ಕೂತಿದ್ದವು. ಇನ್ನೊಂದೆರಡು ದಿನ ಹೀಗೇ ಆದರೆ ಇಡೀ ಬೆಳೆ ತಿಪ್ಪೆಗೆ.

ಬೆಳಗ್ಗೆ ಅವಳು ಪೆಟ್ಟಿಗೆಯ ಮುಂದೆ ಕೈಯೊಡ್ಡಿ ನಿಂತು, "ಏನಣ್ಣಾ, ನಿನ್ ಮೊಣಕಾಲು ಬೆಚ್ಚಗಿರ್ಲಿ ಅಂತ ನನ್ ಹುಳ ಸಾಯ್ಬೇಕಾ?" ಎಂದಳು.

ಗಾಳಿಯಲ್ಲಿರುವ ಶಾಖ ಮುಗಿಯುವಂಥದ್ದಲ್ಲ ಎಂದು ನಾನು ಶುರುಮಾಡಿದೆ.

"ನೀರೂ ಹಂಗೇ ಅಂದಿದ್ರು ಕಣಣ್ಣ," ಎಂದಳು.

ನಾನೂ ಹೋಗಿ ಪೆಟ್ಟಿಗೆಯ ಮುಂದೆ ನಿಂತೆ. ನೋಡಿದರೆ ಪೆಟ್ಟಿಗೆಯ ತಣ್ಣನೆ ಗಾಳಿ ನೆಟ್ಟಗೆ ಅವಳ ಹುಳುಮನೆಯ ಕಿಟಕಿಗೇ ಹೊಡೆಯುತ್ತಿತ್ತು. ಕಳ್ಳತನ ಸುಳ್ಳಾದರೂ ಕಳ್ಳ ಸುಳ್ಳಲ್ಲ.

ನನ್ನ ಹೆಂಡತಿ ವಾದ ಕೇಳುತ್ತ ಕೂರುವವಳಲ್ಲ. ಮುನಿರತ್ನಮ್ಮನ ಜೊತೆ ಸೇರಿ ಹುಳುವಿನ ತಟ್ಟೆಗಳನ್ನೆಲ್ಲ ಹೊತ್ತು ತಂದು ನಮ್ಮ ಬೆಚ್ಚನೆಯ ಕೋಣೆಯಲ್ಲಿ ಜೋಡಿಸಿಬಿಟ್ಟಳು. ಹುಳುಗಳಿರುವಲ್ಲಿ ಘಾಟು ವಾಸನೆ ಕೂಡದು. ನಾನೋ ಮೊಣಕಾಲಿನ ಮುಲಾಮಿನಿಂದ ಬೀದಿಗೆಲ್ಲ ಘಮಘಮಿಸುವವನು. "ನೀವು ಆಚೆ," ಎಂದಳು. ಹೀಗೆ ಹುಳುಗಳು ನನ್ನ ಮನೆಗೂ ನಾನು ಹುಳುಗಳ ಮನೆಗೂ ಗೃಹಪ್ರವೇಶ ಮಾಡಿದೆವು.

ಹುಳುಗಳು ಚೇತರಿಸಿಕೊಂಡು ಮೇಯತೊಡಗಿದವು. ಮುನಿರತ್ನಮ್ಮ ಸೊಪ್ಪು ಹಾಕುತ್ತ ನಮ್ಮ ಮನೆಯಲ್ಲೇ ಬೀಡುಬಿಟ್ಟಳು. ಒಂದು ಬೆಳಗ್ಗೆ ಹಿಂದಿನ ಬೀದಿಯ ವೆಂಕಟಪ್ಪ ಬಂದು, ತನ್ನ ಮನೆಯ ಹುಳುವೂ ಮಂಕಾಗಿದೆ, ಮೊದಲು ಯಂತ್ರ ನಿಲ್ಲಿಸಿ ಎಂದು ನಮ್ಮ ಬಾಗಿಲಲ್ಲಿ ಜಗಳ ತೆಗೆದ. ಪಕ್ಕದ ಹುಳುಮನೆಯಿಂದ ನಾನು ಮೊಣಕಾಲು ಹಿಡಿದು ಏಳುವ ಮೊದಲೇ, ನಮ್ಮ ಮನೆಯೊಳಗಿಂದ ಮುನಿರತ್ನಮ್ಮನ ದನಿ ಬಂತು: "ಹೋಗ್ಲಾ, ಗಾಳೀಲಿರೋ ಶಾಖ ಎಲ್ಲಾದ್ರೂ ಮುಗೀತದಾ?"

ಕಿಟಕಿಯಿಂದ ನುಗ್ಗುವ ಆ ತಣ್ಣನೆ ಗಾಳಿಗೆ ಕಂಬಳಿ ಬಿಗಿದು ಕೂತಿದ್ದ ನನಗೆ ಮಾತ್ರ, ಮುಗಿದರೂ ಮುಗಿದೀತು ಎಂದು ಮೊದಲ ಸಲ ಅನ್ನಿಸಿತು.