ಗೇಣಿಗೆ ಆರು ಎಳೆ

ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಆಸಾಮಿಯನ್ನು ತೂಗಿ ನೋಡುವುದು ನನ್ನ ಕಸುಬು. ಅಂದು ಬಂದಾಕೆಯದು ಸವೆದ ಚಪ್ಪಲಿ, ಒಂದಕ್ಕೊಂದು ಹೊಂದದ ಗುಂಡಿಗಳ ಕೋಟು, ಹೆಗಲಲ್ಲೊಂದು ಚೀಲ. ಎರಡು ಸಿಹಿ ಮಾತಿಗೆ ಬಗ್ಗುವ ಹೆಂಗಸು ಎಂದು ಬೆಲೆ ಕಟ್ಟಿದೆ. ಮೂವತ್ತು ವರ್ಷದ ಬಟ್ಟೆ ವ್ಯಾಪಾರದಲ್ಲಿ ಅಷ್ಟು ಕೆಟ್ಟ ಅಂದಾಜು ಇನ್ನೊಂದಿಲ್ಲ.

ಅವರು ಲಿಫ್ಟ್ ಇನ್ಸ್‌ಪೆಕ್ಟರ್. ನಮ್ಮ ಮೂರು ಮಹಡಿಯ ಗೋದಾಮಿನಲ್ಲಿ ಸರಕಿನ ಲಿಫ್ಟ್ ಇದೆ. ಬಟ್ಟೆಯ ಬೇಲುಗಳ ಜೊತೆ ನನ್ನ ತಮ್ಮನೂ ದಿನಕ್ಕೆ ನಲವತ್ತು ಸಲ ಅದರಲ್ಲಿ ಹತ್ತಿಳಿಯುತ್ತಾನೆ. ಹಿಂದಿನ ಇನ್ಸ್‌ಪೆಕ್ಟರುಗಳು ಟೀ ಕುಡಿದು, ಫಾರಂನಲ್ಲಿ 'ಹಗ್ಗದ ಸ್ಥಿತಿ ತೃಪ್ತಿಕರ' ಎಂದು ಗೀಚಿ ಹೋಗುತ್ತಿದ್ದರು. ಇವರು ಉಕ್ಕಿನ ಹಗ್ಗಕ್ಕೆ ಹತ್ತಿ ಬಟ್ಟೆ ಸುತ್ತಿ ಹಿಡಿದು, ಲಿಫ್ಟನ್ನು ಮೆಲ್ಲಗೆ ಓಡಿಸಲು ಹೇಳಿದರು. ಬಟ್ಟೆ ಸಿಕ್ಕಿಕೊಂಡಲ್ಲೆಲ್ಲ ಒಂದು ಎಳೆ ತುಂಡಾಗಿದೆ ಎಂದರ್ಥ. ಗೇಣಿನೊಳಗೆ ಆರು ತುಂಡು ಸಿಕ್ಕರೆ ಲಿಫ್ಟ್ ನಿಲ್ಲಲೇಬೇಕು. ಮೇಲಧಿಕಾರಿಗಳನ್ನು ಹನ್ನೊಂದು ವರ್ಷ ಕಾಡಿ ಈ ನಿಯಮ ಮಾಡಿಸಿದವರು ಇವರೇ. ಆಮೇಲೆ ಬೀದಿಯವರೆಲ್ಲ ಬೆನ್ನ ಹಿಂದೆ 'ಗೇಣಕ್ಕ' ಎನ್ನುತ್ತಿದ್ದೆವು.

ಎಣಿಸಿದರು. ಏಳು.

ಸೀಸನ್ನಿನ ನಡುಮಧ್ಯ. "ಮೇಡಂ, ಹದಿನೈದು ದಿನ ಬಿಡಿ. ಸದ್ಯಕ್ಕೆ ತೃಪ್ತಿಕರ ಅಂತ ಬರೆದುಬಿಡಿ," ಎಂದೆ.

"ತೃಪ್ತಿ ಯಾರಿಗೆ? ಹಗ್ಗಕ್ಕಾ, ನಿಮಗಾ?"

"ಗೇಣು ಅಂದ್ರೂ ಅಷ್ಟೇ ಅಲ್ವಾ? ನಿಮ್ಮ ಗೇಣು ಬೇರೆ, ನನ್ನ ಗೇಣು ಬೇರೆ. ನನ್ನ ಗಿಡ್ಡ ಕೈಲಿ ಅಳೆದ್ರೆ ಐದೇ ಬರಬಹುದು."

ಅವರು ಚೀಲದಿಂದ ಸರ್ಕಾರಿ ಮುದ್ರೆ ಒತ್ತಿದ ಗೇಣುದ್ದದ ಉಕ್ಕಿನ ಪಟ್ಟಿ ತೆಗೆದು ಹಗ್ಗಕ್ಕೆ ಹಿಡಿದರು. "ನಿಮ್ಮ ಅಳತೆಕೋಲಿಗೂ ಹೀಗೇ ಮುದ್ರೆ ಇದೆ. ಬೆರಳಷ್ಟು ಕಮ್ಮಿ ಬಂದ್ರೆ ಗಿರಾಕಿ ಸುಮ್ನಿರಲ್ಲ. ಬಟ್ಟೆಗಿರೋ ಅಳತೆ ನಿಮ್ಮ ತಮ್ಮನಿಗೆ ಬೇಡ್ವಾ, ಯಜಮಾನ್ರೇ?"

ಬೇಲಿನ ಮೇಲೆ ಕೂತಿದ್ದ ತಮ್ಮ, "ಅಳೀಲಿ ಬಿಡಣ್ಣ, ನನ್ನ ಬೆಲೆ ಎಷ್ಟು ಅಂತ ನಾನೂ ನೋಡ್ತೀನಿ," ಎಂದು ನಕ್ಕ. ಅವರು ನಗಲಿಲ್ಲ.

ಲಿಫ್ಟಿಗೆ ಬೀಗ ಹಾಕುತ್ತಾ ಹೇಳಿದರು: "ಕೆಲಸಕ್ಕೆ ಸೇರಿದ ವರ್ಷ ಒಂದು ಗಿರಣಿಯಲ್ಲಿ ನಾನೂ ತೃಪ್ತಿಕರ ಅಂತಲೇ ಬರೆದಿದ್ದೆ. ಸುಳ್ಳು ಬರೀಲಿಲ್ಲ, ನೋಡೋಕೆ ಚೆನ್ನಾಗೇ ಇತ್ತು. ಎಂಟನೇ ದಿನ ಹಗ್ಗ ಹರಿದು ಇಬ್ಬರು ಹೋದ್ರು. ವಿಚಾರಣೆಯಲ್ಲಿ ನನ್ನದೇನೂ ತಪ್ಪು ಸಿಗಲಿಲ್ಲ. ಸಿಗೋದಾದ್ರೂ ಹೇಗೆ? ಆ ಪದಕ್ಕೆ ಇಲ್ಲಿವರೆಗೆ ಸರಿ, ಇಲ್ಲಿಂದ ತಪ್ಪು ಅನ್ನೋ ಗೆರೆನೇ ಇರಲಿಲ್ಲ."

ನಾಲ್ಕು ದಿನ ಬೇಲುಗಳನ್ನು ಹೊತ್ತು ಮೇಲೇರಿಸಿದೆವು. ಮೆಟ್ಟಿಲಿಗೊಂದರಂತೆ ಅವರಿಗೆ ಶಾಪ ಹಾಕಿದೆ. ಐದನೆಯ ದಿನ ಫಿಟ್ಟರ್ ಹಳೆಯ ಹಗ್ಗ ಇಳಿಸಿ ಹೊರಗಿನ ಎಳೆಗಳನ್ನು ಬಿಡಿಸಿದ. ಒಳಗಿನವು ತುಕ್ಕು ಹಿಡಿದು ಬೆರಳಲ್ಲೇ ಪುಡಿಯಾದವು. "ಇನ್ನೊಂದು ವಾರ ತಡೀತಿರಲಿಲ್ಲ," ಎಂದ. ತಮ್ಮ ಆ ಕೆಂಪು ಪುಡಿಯನ್ನು ಅಂಗೈ ತುಂಬ ಹಿಡಿದು ನನಗೆ ತೋರಿಸಿದ.

ಗೇಣಕ್ಕ ಕಳೆದ ವರ್ಷ ನಿವೃತ್ತರಾದರು. ನನ್ನ ತಮ್ಮ ಇಂದು ಬದುಕಿರುವುದು ಅವರ ಋಣ.