ನೆತ್ತಿಯ ಹಗ್ಗ ಹಿಡಿದವಳು

ನನ್ನ ಹೆಂಡತಿ ವರ್ನಾ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನವರ ಪಾರ್ಸಲ್ಲುಗಳನ್ನು ತೂಗುತ್ತಾಳೆ. ಕೈಯಲ್ಲಿ ಎತ್ತಿ ನೋಡಿಯೇ ತೂಕ ಹೇಳಬಲ್ಲಳು. ಅವಳ ಅಂದಾಜಿಗೆ ಸಿಗದೆ ತಪ್ಪಿಸಿಕೊಂಡದ್ದು ತನ್ನದೊಂದೇ ತೂಕ.

ಅವಳ ತಮ್ಮ ಆರಿನ್‌ನ ಬಳಿ ಹಳದಿ ಪಟ್ಟೆಯ ಬಿಸಿಗಾಳಿ ಬಲೂನೊಂದಿದೆ. ಜುಲೈ ಬಂತೆಂದರೆ ಅಯೋವಾದ ನಮ್ಮೂರಿನ ಜೋಳದ ಹೊಲಗಳ ಮೇಲೆ ಸಂಜೆ ಹೊತ್ತು ಬಲೂನುಗಳು ತೇಲುತ್ತವೆ. ಯಾರೋ ನಿದ್ದೆಯಲ್ಲಿ ಕಂಡದ್ದನ್ನು ಒರೆಸಲು ಮರೆತ ಹಾಗೆ. ಬಲೂನಿಗೆ ಗಾಳಿ ತುಂಬುವಾಗ ಅದರ ನೆತ್ತಿಗೆ ಕಟ್ಟಿದ ಹಗ್ಗವನ್ನು ಒಬ್ಬರು ದೂರದಲ್ಲಿ ನಿಂತು, ಹಿಂದಕ್ಕೆ ವಾಲಿ, ಬಿಗಿಯಾಗಿ ಹಿಡಿದುಕೊಳ್ಳಬೇಕು. ಎಷ್ಟೋ ವರ್ಷಗಳಿಂದ ಅದು ವರ್ನಾಳ ಕೆಲಸ.

"ನೀನು ಹಿಡಿದ್ರೆ ಬೆಟ್ಟಕ್ಕೆ ಕಟ್ಟಿದ ಹಾಗೆ" ಎನ್ನುತ್ತಿದ್ದ ಆರಿನ್. ಅವನ ಮಟ್ಟಿಗೆ ಅದು ಹೊಗಳಿಕೆ.

ಅವಳು ಮಾತ್ರ ಒಮ್ಮೆಯೂ ಮೇಲೆ ಹೋದವಳಲ್ಲ. ಬಲೂನಿನ ಕೆಳಗೆ ಜನ ನಿಲ್ಲುವ ಬುಟ್ಟಿಯ ಪಕ್ಕದಲ್ಲೇ ಆರಿನ್ ತಕ್ಕಡಿ ಇಟ್ಟಿರುತ್ತಾನೆ. ಇನ್ನೂರು ಪೌಂಡು, ಅಂದರೆ ತೊಂಬತ್ತು ಕಿಲೋ, ದಾಟಿದವರು ನೆಲದಲ್ಲೇ ನಿಂತು ಕೈ ಬೀಸಬೇಕು.

"ಲೈಲ್, ನಮ್ಮನೆ ಮೇಲಿಂದ ಹೇಗೆ ಕಾಣ್ಸುತ್ತೆ?" ಎಂದು ಕಿಟಕಿಯಾಚೆ ನೋಡುತ್ತಾ ನನ್ನನ್ನು ಕೇಳುತ್ತಿದ್ದಳು.

"ಚಾವಣಿ ಕಾಣ್ಸುತ್ತೆ. ರಿಪೇರಿ ಮಾಡ್ಸಿಲ್ಲ ಅಂತ ಬೈಸ್ಕೋಬೇಕಾಗುತ್ತೆ."

ಹೋದ ಚಳಿಗಾಲ ಅವಳು ತೂಕ ಇಳಿಸುವ ಪಣ ತೊಟ್ಟಳು. ಬೇಯಿಸಿದ ಕೋಳಿ, ಹಸಿ ಸೊಪ್ಪು, ಸಕ್ಕರೆಯಿಲ್ಲದ ಕಾಫಿ. ಚರ್ಚಿನ ಊಟದಲ್ಲಿ ಚೀಸ್ ಹಾಕಿದ ಆಲೂಗಡ್ಡೆಯನ್ನು ದೂರದೂರಿಗೆ ಹೊರಟ ನೆಂಟರನ್ನು ಬೀಳ್ಕೊಡುವ ಹಾಗೆ ನೋಡಿ ಮುಂದೆ ಹೋಗುತ್ತಿದ್ದಳು. ಹೊರಗೆ ಹಿಮ ಸುರಿಯುವಾಗ ಶಾಲೆಯ ಉದ್ದನೆಯ ಕಾರಿಡಾರಿನಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಬಿರಬಿರನೆ ನಡಿಗೆ. ನಾನೋ, ರಾತ್ರಿ ಐಸ್‌ಕ್ರೀಮ್ ತಿಂದು ಸೋಫಾದ ಮೇಲೆ ಮಲಗುವವನು. ಆದರೂ ನನ್ನ ಪ್ಯಾಂಟು ಜಾರುತ್ತದೆ.

"ನಿನ್ನನ್ನ ನೋಡಿದ್ರೆ ದೇವರ ಮೇಲೇ ಸಿಟ್ಟು ಬರುತ್ತೆ ಕಣೋ" ಎನ್ನುತ್ತಿದ್ದಳು.

ತೂಕ ಇಳಿಯದ್ದಕ್ಕೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಎಲ್ಲ ಸರಿಯಾಗಿದೆ. ವಯಸ್ಸಾಯ್ತಲ್ಲಮ್ಮ" ಎಂದರು.

"ವಯಸ್ಸು ಇಷ್ಟೊಂದು ಭಾರ ಇರುತ್ತಾ ಡಾಕ್ಟ್ರೇ?"

ಜುಲೈ ಸಂಜೆ ತಕ್ಕಡಿ ಹತ್ತಿದಳು. ಮುಳ್ಳು ಹೋದ ವರ್ಷದ ಜಾಗವನ್ನೂ ದಾಟಿ ಸಾವಕಾಶವಾಗಿ ನಿಂತಿತು. ಆರಿನ್ ಅವಳ ಚರ್ಮದ ಕೈಗವಸು ಕೊಟ್ಟ. ಅವತ್ತೂ ಹಗ್ಗ ಹಿಡಿದಳು. ಬಲೂನು ಹಳದಿ ಚುಕ್ಕೆಯಾಗುವವರೆಗೆ ನೋಡಿ, ಕೈಗವಸನ್ನು ಅವನ ಟ್ರಕ್ಕಿನ ಸೀಟಿನ ಮೇಲಿಟ್ಟು ಮನೆಗೆ ನಡೆದಳು. "ಹಗ್ಗಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳು" ಎಂದು ನನ್ನ ಕೈಲಿ ಅವನಿಗೆ ಹೇಳಿಕಳಿಸಿದಳು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ಹುಲ್ಲಿನ ಮೇಲೆ ಬಿಳಿ ಮಂಜು ಗಟ್ಟಿಯಾಗಿದ್ದಾಗ, ಆರಿನ್ ಬಾಗಿಲಿಗೆ ಬಂದ.

"ವರ್ನಾ, ಕೋಟ್ ಹಾಕ್ಕೊಂಡು ಬಾ."

"ಹಗ್ಗ ಹಿಡಿಯಲ್ಲ ಅಂದೆನಲ್ಲ."

"ಹಗ್ಗಕ್ಕಲ್ಲ ಮಾರಾಯ್ತಿ. ಬುಟ್ಟಿಗೆ."

"ಜುಲೈ ಆದ್ಮೇಲೆ ಇನ್ನೂ ದಪ್ಪ ಆಗಿದೀನಿ."

"ಆಗು, ಯಾರು ಬೇಡ ಅಂದ್ರು? ಇನ್ನೂರು ಅನ್ನೋದು ಜುಲೈ ಸೆಕೆಯ ಲೆಕ್ಕ. ಹೊರಗೆ ಚಳಿ ಇದ್ದಷ್ಟೂ ಬಲೂನು ಜಾಸ್ತಿ ಎತ್ತುತ್ತೆ. ಇವತ್ತು ನಿನ್ನ ಜೊತೆ ಅಂಚೆ ಕಚೇರಿನೂ ಎತ್ತೀತು."

ವರ್ನಾ ಸೊಂಟದ ಮೇಲೆ ಕೈಯಿಟ್ಟಳು. "ಇದು ನಿಂಗೆ ಈಗ ಗೊತ್ತಾಯ್ತೇನೋ?"

ಆರಿನ್ ಬೂಟಿನ ತುದಿಯಿಂದ ಮಂಜು ಕೆರೆದ. "ಮೊದ್ಲಿಂದ ಗೊತ್ತಿತ್ತು. ನೀನು ಮೇಲೆ ಬಂದ್ಬಿಟ್ರೆ ಹಗ್ಗ ಯಾರು ಹಿಡೀತಾರೆ?"

ಅವಳು ಗೂಟದಿಂದ ಕೋಟು ಎಳೆದುಕೊಂಡಳು. ಆಮೇಲೆ ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನನ್ನ ಬಾಯಲ್ಲಿ ಟೋಸ್ಟಿತ್ತು.

ಹೊಲದಲ್ಲಿ ಆರಿನ್ ಬೆಂಕಿ ಹೊತ್ತಿಸಿದ. ಮಲಗಿದ್ದ ಬಲೂನು ಉಸಿರೆಳೆದುಕೊಂಡು ಏಳತೊಡಗಿತು. ವರ್ನಾಳ ಕೈಗವಸಿನೊಳಗೆ ನನ್ನ ಕೈಗಳು ಕಳೆದುಹೋಗಿದ್ದವು. ಹಗ್ಗ ನನ್ನನ್ನು ಒಣಗಲು ಹಾಕಿದ ಅಂಗಿಯ ಹಾಗೆ ಅತ್ತಿತ್ತ ಜಗ್ಗಿ, ಹಿಮ್ಮಡಿಯಲ್ಲಿ ಅರ್ಧ ಹೊಲ ಉಳುವಂತೆ ಮಾಡಿತು.

"ವಾಲು ಲೈಲ್, ವಾಲು! ಐಸ್‌ಕ್ರೀಮೆಲ್ಲ ಎಲ್ಲಿಗೋಯ್ತೋ?" ಎಂದು ಬುಟ್ಟಿಯೊಳಗಿಂದ ವರ್ನಾ ಕೂಗಿದಳು.

ಬಲೂನು ನೆಟ್ಟಗೆ ನಿಂತಿತು. ಬುಟ್ಟಿ ಯಾವ ಸದ್ದೂ ಇಲ್ಲದೆ ನೆಲ ಬಿಟ್ಟಿತು. ಕೊಯ್ಲಾದ ಹೊಲ, ಕಣಜ, ನಮ್ಮ ರಿಪೇರಿಯಾಗದ ಚಾವಣಿ, ಎಲ್ಲದರ ಮೇಲೂ ಅದರ ನೆರಳು ಮೆಲ್ಲಗೆ ಸವರಿಕೊಂಡು ಹೋಯಿತು. ಬೆಳಗಿನ ನಿಶ್ಶಬ್ದದಲ್ಲಿ ಮೇಲಿನ ಮಾತು ಕಿವಿಯ ಪಕ್ಕದಲ್ಲೇ ಆಡಿದ ಹಾಗೆ ಕೇಳುತ್ತದೆ.

"ಲೈಲ್, ನಮ್ಮನೆ ಎಷ್ಟು ಚಿಕ್ಕದು ಗೊತ್ತಾ? ಅಂಚೆಪೆಟ್ಟಿಗೆ ಥರ ಇದೆ!"

ಬಲೂನು ಮುಂದೆ ತೇಲಿತು. ಇನ್ನೇನು ಮರಗಳಾಚೆ ಮರೆಯಾಗಬೇಕು, ಆಗ ಮತ್ತೆ ಅವಳ ದನಿ:

"ಟ್ರಕ್ ತಗೊಂಡು ಹಿಂದೆ ಬಾ, ಕೈಗವಸು ಬಿಚ್ಚಬೇಡ. ಇಳಿಯೋವಾಗ್ಲೂ ನೀನೇ ಹಿಡೀಬೇಕು!"