ಸಿದ್ದಮ್ಮನ ತೋರುಬೆರಳು

ಎಕ್ಸ್‌ರೇ ಕೋಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನಿಗೆ ದೆವ್ವ, ಪವಾಡ ಇವುಗಳಲ್ಲಿ ನಂಬಿಕೆ ಉಳಿಯುವುದು ಕಷ್ಟ. ಮನುಷ್ಯನ ಒಳಗನ್ನು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದೆ. ಅಲ್ಲಿ ಮೂಳೆ ಬಿಟ್ಟರೆ ಇನ್ನೇನೂ ನನಗೆ ಕಂಡಿರಲಿಲ್ಲ. ಯಾರಾದರೂ ಇಂಥ ಕತೆ ಶುರು ಮಾಡಿದರೆ ಕೆಲಸದ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಈಗ ಹೇಳುವ ಸರದಿ ನನಗೇ ಬಂದಿದೆ. ಓದುವವರು ಎದ್ದು ಹೋದರೆ ನಾನು ಬೇಸರ ಮಾಡಿಕೊಳ್ಳುವಂತಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಆಗ ರಾಜಾಜಿನಗರದಲ್ಲಿ ಅರ್ಧ ಸೈಟುಗಳು, ಅರ್ಧ ರಾಗಿ ಹೊಲ. ನಡುನಡುವೆ ಕಾರ್ಖಾನೆಗಳ ತಗಡಿನ ಶೆಡ್ಡುಗಳು. ಅಂಥ ಒಂದು ಶೆಡ್ಡಿನಲ್ಲಿ ಗಡಿಯಾರದ ಮುಖದ ಮೇಲೆ ಕತ್ತಲಲ್ಲಿ ಹೊಳೆಯುವ ಅಂಕಿಗಳನ್ನು ಬರೆಯುತ್ತಿದ್ದರು. ಬರೆಯುವವರೆಲ್ಲ ಸುತ್ತಲಿನ ಹಳ್ಳಿಯ ಹೆಂಗಸರು. ಬಣ್ಣದ ಪುಡಿಯಲ್ಲಿ ರೇಡಿಯಂ ಇದೆ, ಅದು ಮೂಳೆ ಹೊಕ್ಕರೆ ಮೂಳೆಯನ್ನೇ ತಿನ್ನುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಒಬ್ಬಳ ದವಡೆ ಕೊಳೆತು ಅವಳು ಸತ್ತ ಮೇಲೆ ಗಲಾಟೆಯಾಯಿತು. ಸರ್ಕಾರದಿಂದ ಕಾಗದ ಬಂತು. ಉಳಿದ ಹನ್ನೊಂದು ಜನರನ್ನು ಪರೀಕ್ಷೆ ಮಾಡಿಸಲು, ಮೂಳೆ ಕೆಟ್ಟವರಿಗೆ ಪರಿಹಾರ ಕೊಡಲು ಮಾಲೀಕರು ಒಪ್ಪಿದರು. ನಮ್ಮ ಆಸ್ಪತ್ರೆಯಿಂದ ಒಬ್ಬ ಡಾಕ್ಟರನ್ನೂ ಎಕ್ಸ್‌ರೇ ಯಂತ್ರದ ಜೊತೆ ನನ್ನನ್ನೂ ಮೂರು ದಿನಕ್ಕೆ ಅಲ್ಲಿಗೆ ಕಳಿಸಿದರು. ಉಗ್ರಾಣದ ಕಿಟಕಿಗೆ ಕಂಬಳಿ ಹೊಡೆದು ಫಿಲಂ ತೊಳೆಯುವ ಕತ್ತಲೆ ಕೋಣೆ ಮಾಡಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಕೊನೆಯವಳಾಗಿ ಬಂದವಳು ಸಿದ್ದಮ್ಮ. ಅಗ್ರಹಾರ ದಾಸರಹಳ್ಳಿಯವಳು, ವಯಸ್ಸು ಮೂವತ್ತು ದಾಟಿರಲಾರದು. ಅವಳ ಎಡಗೈಯಲ್ಲಿ ತೋರುಬೆರಳು ಇರಲಿಲ್ಲ. ಬ್ರಷ್ಷಿನ ತುದಿ ಚೂಪಾಗಲೆಂದು ಅದನ್ನು ಆ ಬೆರಳಿನ ಮೇಲೇ ಉಜ್ಜಿಕೊಳ್ಳುತ್ತಿದ್ದಳಂತೆ. ಅಲ್ಲಿ ಎದ್ದ ಹುಣ್ಣು ವರ್ಷವಾದರೂ ಮಾಯಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಬೆರಳನ್ನು ಬುಡದವರೆಗೂ ತೆಗೆದಿದ್ದರು. ಅಲ್ಲಿ ಕೊಟ್ಟ ಚೀಟಿಯಲ್ಲಿ ಬರೀ ‘ಹುಣ್ಣು’ ಎಂದಿತ್ತು.

“ಕೆಲಸ ಬಿಡಲಿಲ್ವೇನಮ್ಮ?” ಎಂದು ಕೇಳಿದೆ.

“ಬಿಟ್ರೆ ಮಕ್ಳಿಗೇನಾಕ್ಲಿ ಸ್ವಾಮಿ? ನಮ್ಮ ಹೊಲ ಬಡಾವಣೆಗೆ ಹೋಯ್ತು. ಈ ಪರಿಹಾರ ಅನ್ನೋದು ಬಂದ್ರೆ ಎರಡು ಎಮ್ಮೆ ಕಟ್ಕತೀನಿ. ಆಮ್ಯಾಕೆ ಈ ಕಡೆ ತಲೆನೂ ಹಾಕಾಕಿಲ್ಲ.”

ಅವಳ ಎಡಗೈಯನ್ನು ಫಿಲಂ ಪೆಟ್ಟಿಗೆಯ ಮೇಲೆ ನಾನೇ ಇಟ್ಟೆ. ಚಿತ್ರದಲ್ಲಿ ನಂಬರೂ ಮೂಡಲೆಂದು ಪಕ್ಕದಲ್ಲಿ ಹನ್ನೊಂದನೆಯ ನಂಬರಿನ ಸೀಸದ ಬಿಲ್ಲೆ ಇಟ್ಟೆ. ಚಿತ್ರ ತೆಗೆದು ಕತ್ತಲೆ ಕೋಣೆಗೆ ಹೋದೆ. ಕೆಂಪು ದೀಪದ ಬೆಳಕಿನಲ್ಲಿ, ಔಷಧಿಯ ನೀರಿನೊಳಗೆ ಕೈ ನಿಧಾನವಾಗಿ ಮೂಡತೊಡಗಿತು. ನಂಬರು ಸರಿಯಾಗಿತ್ತು. ಕೈಯಲ್ಲಿ ಐದು ಬೆರಳಿದ್ದವು.

ನನ್ನದೇ ತಪ್ಪು, ಬೇರೆ ಯಾರದೋ ಕೈ ತೆಗೆದಿದ್ದ ಫಿಲಮನ್ನೇ ಮತ್ತೆ ಹಾಕಿದ್ದೇನೆ ಅಂದುಕೊಂಡೆ. ಹೊಸ ಡಬ್ಬಿ ಒಡೆದು ಇನ್ನೊಂದು ತೆಗೆದೆ. ಮತ್ತೆ ಐದು. ತೋರುಬೆರಳಿನ ಮೂರು ಮೂಳೆಗಳೂ ಸ್ವಚ್ಛವಾಗಿ, ಎಳೆಯ ಹುಡುಗಿಯ ಬೆರಳಿನಂತೆ ನೆಟ್ಟಗಿದ್ದವು. ಬುಡದಲ್ಲಿ ಹುಳುಕಿನ ಗುರುತೂ ಇರಲಿಲ್ಲ.

ಡಾಕ್ಟರಿಗೆ ಎರಡನ್ನೂ ತೋರಿಸಿದೆ. “ಯಾರದ್ದಯ್ಯ ಇದು? ಬೆಳಗ್ಗಿನಿಂದ ಊಟ ಮಾಡಿಲ್ಲ ಅಂತ ಕಾಣತ್ತೆ ನೀನು” ಎಂದು ರೇಗಿದರು.

“ಸಾರ್, ಫಿಲಂ ಬಿಡಿ. ಆ ಹೆಂಗಸಿನ ಕೈ ನೋಡಿ ಬರೆದುಬಿಡಿ.”

“ಫೈಲಿಗೆ ಕೈ ಅಂಟಿಸೋಕಾಗತ್ತೇನಯ್ಯಾ? ಫಿಲಂ ಬೇಕು. ಇನ್ನೊಂದು ತೆಗಿ.”

ಮೂರನೆಯದಕ್ಕೆ ಡಾಕ್ಟರೇ ಬಂದು ಯಂತ್ರದ ಪಕ್ಕ ನಿಂತರು. ಸಿದ್ದಮ್ಮನ ಕೈ ಪಕ್ಕದಲ್ಲೇ ನನ್ನ ಎಡಗೈಯನ್ನೂ ಇಟ್ಟೆ. ಗುಂಡಿ ಒತ್ತಿದವರು ಅವರೇ. ಫಿಲಂ ತೊಳೆಯುವಾಗಲೂ ಜೊತೆಯಲ್ಲಿದ್ದರು. ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ನನ್ನ ಕಿರುಬೆರಳು ಹಾಗೇ ಕಂಡಿತು. ಪಕ್ಕದಲ್ಲಿ ಅವಳ ಕೈ, ಐದೂ ಬೆರಳು.

ಡಾಕ್ಟರು ಫಿಲಮನ್ನು ತಿರುಗಿಸಿ ಇನ್ನೊಂದು ಸಲ ನೋಡಿದರು. “ಐದು ಗಂಟೆಗೆ ಜೀಪು ಬರತ್ತೆ. ಅಷ್ಟರೊಳಗೆ ಒಂದು ಸರಿಯಾದ ಫಿಲಂ ಕೊಡು, ಸಹಿ ಹಾಕ್ತೀನಿ. ಹೇಗೆ ಕೊಡ್ತೀಯೋ ಕೇಳಲ್ಲ” ಎಂದು ಹೊರಗೆ ಹೋದರು.

ಅವರ ಮಾತಿನ ಅರ್ಥ ನನಗೆ ಗೊತ್ತಾಯಿತು. ಈ ಕೆಲಸಕ್ಕೆ ಸೇರುವ ಮುಂಚೆ ನಾನು ಒಂದು ಫೋಟೋ ಸ್ಟುಡಿಯೋದಲ್ಲಿದ್ದೆ. ಮುಖದ ಮಚ್ಚೆ, ಕಲೆ ಅಳಿಸುವುದೇ ಅಲ್ಲಿ ನನ್ನ ಕೆಲಸವಾಗಿತ್ತು. ಕಪ್ಪು ಮಸಿಯಲ್ಲಿ ಆ ಬೆರಳನ್ನು ಮುಚ್ಚಿ, ಬುಡದ ಮೂಳೆಯನ್ನು ಅಲ್ಲಲ್ಲಿ ತಿಂದಂತೆ ಮಾಡಿದರೆ ಅರ್ಧ ಗಂಟೆಯ ಕೆಲಸ. ಇದ್ದದ್ದನ್ನು ಇದ್ದ ಹಾಗೆ ತೋರಿಸಲು ಸುಳ್ಳು ಚಿತ್ರ ಮಾಡಬೇಕಾಗಿತ್ತು. ಮಸಿ ಕಲಸಿ, ಬ್ರಷ್ಷು ಕೈಗೆ ತೆಗೆದುಕೊಂಡೆ. ಆದರೂ ಅವಳಿಗೆ ತಿಳಿಸದೆ ಮಾಡಲು ಮನಸ್ಸು ಬರಲಿಲ್ಲ. ಕರೆದು, ಕಿಟಕಿಯ ಕಂಬಳಿ ಸರಿಸಿ, ಎರಡನೆಯ ಫಿಲಮನ್ನು ಬೆಳಕಿಗೆ ಹಿಡಿದೆ.

ಸಿದ್ದಮ್ಮ ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಹತ್ತಿರ ಬಂದು ಬಹಳ ಹೊತ್ತು ನೋಡಿದಳು. ಆಮೇಲೆ ಬಲಗೈಯಿಂದ, ಎಡಗೈಯಲ್ಲಿ ಬೆರಳು ಇರಬೇಕಾಗಿದ್ದ ಬರಿ ಜಾಗವನ್ನು ಮೆಲ್ಲಗೆ ಸವರಿದಳು.

“ಇಲ್ಲೇ ಐತಲ್ಲ ಸ್ವಾಮಿ” ಎಂದಳು. “ಅದ್ಕೇ ಇನ್ನೂ ಉರೀತದೆ. ಇಲ್ದಿರೋ ಬೆಳ್ಳು ಎಂಗೆ ಉರಿದಾತು ಅಂತ ನಮ್ಮನೇವ್ರು ನಗ್ತಿದ್ರು.”

ನಾನು ಮಾಡಬೇಕೆಂದಿದ್ದನ್ನು ತಿಳಿಸಿ ಹೇಳಿದೆ. ಹೀಗೆ ಮಾಡದಿದ್ದರೆ ಪರಿಹಾರ ಸಿಗುವುದಿಲ್ಲ ಎಂದೂ ಹೇಳಿದೆ. ಅವಳು ಬ್ರಷ್ಷನ್ನು ನೋಡಿದಳು, ಫಿಲಮನ್ನು ನೋಡಿದಳು. ಕಣ್ಣು ತುಂಬಿಕೊಂಡಿತು.

“ಬ್ಯಾಡಿ ಸ್ವಾಮಿ. ಒಂದ್ಸಲ ತೆಗೆದವ್ರೆ. ಇನ್ನೊಂದ್ಸಲ ತೆಗೀಬ್ಯಾಡಿ.”

ಎಷ್ಟು ಹೇಳಿದರೂ ಒಪ್ಪಲಿಲ್ಲ. ಮಕ್ಕಳನ್ನು ನೆನೆಸಿಕೊ ಅಂದೆ. ಎಮ್ಮೆಯ ಮಾತನ್ನೂ ನೆನಪಿಸಿದೆ. ತಲೆ ಅಲ್ಲಾಡಿಸಿದಳು ಅಷ್ಟೇ. ಐದು ಗಂಟೆಗೆ ಜೀಪು ಬಂತು. ಡಾಕ್ಟರು ಅವಳ ಹೆಸರಿನ ಮುಂದೆ ‘ಚಿತ್ರ ಸ್ಪಷ್ಟವಾಗಿಲ್ಲ’ ಎಂದು ಬರೆದು ಸಹಿ ಹಾಕಿದರು. ನಾನು ನನ್ನ ಕೈಯಾರೆ ತೆಗೆದ ಫಿಲಂಗಳಲ್ಲಿ ಅಷ್ಟು ಸ್ಪಷ್ಟವಾದದ್ದು ಇನ್ನೊಂದಿರಲಿಲ್ಲ.

ಉಳಿದವರಲ್ಲಿ ಆರು ಜನರಿಗೆ ಪರಿಹಾರ ಸಿಕ್ಕಿತು. ಸಿದ್ದಮ್ಮ ಮತ್ತೆ ಅದೇ ಪುಡಿಯ ಮುಂದೆ ಕೂತಳು. ನನಗೆ ಸಮಾಧಾನವಾಗದೆ, ಅವಳನ್ನು ನಮ್ಮ ಆಸ್ಪತ್ರೆಗೇ ಕರೆತಂದು ಹೊಸದಾಗಿ ಪರೀಕ್ಷೆ ಮಾಡಿಸಲು ಅನುಮತಿ ಕೇಳಿದೆ. ಅನುಮತಿ ಬರಲು ಏಳು ತಿಂಗಳಾಯಿತು. ಕಾಗದ ಹಿಡಿದು ಒಂದು ಬೆಳಗ್ಗೆ ಸೈಕಲ್ಲಿನಲ್ಲಿ ಅಗ್ರಹಾರ ದಾಸರಹಳ್ಳಿಗೆ ಹೋದೆ. ಅವಳ ಗಂಡ ಬಾಗಿಲಲ್ಲಿ ತಲೆ ಬೋಳಿಸಿಕೊಂಡು ಕೂತಿದ್ದ. ತಿಥಿ ಮುಗಿದು ಎರಡು ದಿನವಾಗಿತ್ತು. ಹುಣ್ಣು ಮೊಣಕೈವರೆಗೂ ಏರಿತ್ತಂತೆ. “ಕೊನೇಗೆ ಬೆಳ್ಳು ಉರಿ ನಿಂತೋಯ್ತು ಅಂತಿದ್ಲು” ಎಂದ. ನನ್ನ ಕೈಯಲ್ಲಿದ್ದ ಕಾಗದ ಏನೆಂದು ಅವನು ಕೇಳಲಿಲ್ಲ. ಮಡಿಸಿ ಜೇಬಿಗೆ ಹಾಕಿಕೊಂಡೆ.

ಅವಳು ಬೇಡ ಅಂದಾಗ, ಸರಿ ಎಂದು ಕಳಿಸಿ, ಅವಳ ಬೆನ್ನ ಹಿಂದೆ ಮಸಿ ಬಳಿದಿದ್ದರೆ ಬದುಕುತ್ತಿದ್ದಳೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ಆಮೇಲೆ ಬೆರಳು, ಕೈ, ಕಾಲು ಕಳೆದುಕೊಂಡ ನೂರಾರು ಜನರ ಚಿತ್ರ ತೆಗೆದೆ. ಪ್ರತಿ ಸಲವೂ ಕೆಂಪು ದೀಪದ ಕೆಳಗೆ ಉಸಿರು ಹಿಡಿದು ಕಾದೆ. ಇಲ್ಲದ್ದು ಎಂದೂ ಮೂಡಲಿಲ್ಲ. ಯಂತ್ರದ ದೋಷ, ಫಿಲಮ್ಮಿನ ದೋಷ, ನನ್ನ ಕಣ್ಣಿನ ದೋಷ, ಎಲ್ಲವನ್ನೂ ಯೋಚಿಸಿದ್ದೇನೆ. ಯಾವುದೂ ಮೂರು ಫಿಲಮ್ಮಿಗೆ ಹೊಂದುವುದಿಲ್ಲ.

ನಿವೃತ್ತರಾದ ಮೇಲೆ ಆ ಡಾಕ್ಟರು ಒಮ್ಮೆ ವಿಜಯನಗರದ ಬಸ್ ಸ್ಟಾಪಿನಲ್ಲಿ ಸಿಕ್ಕರು. ತುಂಬ ಇಳಿದುಹೋಗಿದ್ದರು. ಅದೂ ಇದೂ ಮಾತಾಡಿ, ಕೊನೆಗೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ: “ಸಾರ್, ಅವತ್ತು ನೀವೂ ಐದು ನೋಡಿದ್ರಿ ಅಲ್ವಾ?”

“ನೋಡಿದೆ” ಎಂದರು. “ಐದು ಅಂತ ಬರೆದಿದ್ರೆ ನನ್ನನ್ನ ಹುಚ್ಚ ಅಂತಿದ್ರು. ನಾಲ್ಕು ಅಂತ ಬರೆದಿದ್ರೆ ಸುಳ್ಳು ಬರೆದ ಹಾಗಾಗ್ತಿತ್ತು.”

“ನಾಲ್ಕೇ ನಿಜ ಆಗಿತ್ತಲ್ಲ ಸಾರ್.”

ಅವರು ನನ್ನ ಮುಖ ನೋಡಿದರು. ಬಸ್ಸು ಬಂತು, ಹತ್ತಿ ಹೋದರು.